ಪಟ್ಟಿಯ ಮೂರನೆಯ ಸಾಲು

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನು ನಾನು. ಅರಿಷಡ್ವರ್ಗಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆದು, ಕಾಮದಿಂದ ಮದದವರೆಗೆ ಐದನ್ನೂ ಸಾವಧಾನವಾಗಿ ವಿವರಿಸುತ್ತಿದ್ದೆ. ಆರನೆಯದಾದ ಮಾತ್ಸರ್ಯಕ್ಕೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಗಂಟೆ ಹೊಡೆಯುತ್ತಿತ್ತು. ಆ ಉಳಿದ ಪಾಠವನ್ನು ನಿವೃತ್ತನಾದ ಮೇಲೆ ನನ್ನ ಮನೆಯ ಜಗಲಿಯಲ್ಲಿಯೇ ಕಲಿಯಬೇಕಾಯಿತು. ಕಲಿಸಿದವಳು ನನ್ನ ಧರ್ಮಪತ್ನಿ. ಕಲಿಸುತ್ತಿದ್ದೇನೆಂಬುದು ಅವಳಿಗೆ ತಿಳಿದಿತ್ತೋ ಇಲ್ಲವೋ ನಾನರಿಯೆ.

ತೊಂಬತ್ತರ ದಶಕದ ನಡುವಿನ ಮಾತು. ವಿದ್ಯಾರಣ್ಯಪುರಂ ಕಡೆಯ ನಮ್ಮ ವಾರ್ಡು ಆ ಸಲ ಮಹಿಳೆಯರಿಗೆ ಮೀಸಲಾಯಿತು. ಬೀದಿಯ ಹಿರಿಯರು ನಾಲ್ವರು ನನ್ನ ಬೆಳಗಿನ ಲಿಂಗಪೂಜೆ ಮುಗಿಯುವವರೆಗೂ ಹೊರಗೆ ಕಾದಿದ್ದು, ನಾನು ಬರುತ್ತಲೇ ಎದ್ದು ನಿಂತರು.

“ಮೇಷ್ಟ್ರೇ, ನಿಮ್ಮನೆಯವ್ರನ್ನ ನಿಲ್ಸಿ. ಹೆಸ್ರು ಅವರ್ದು, ಕೆಲ್ಸ ನಿಮ್ದು. ಅವ್ರು ರುಜು ಹಾಕಿದ್ರೆ ಸಾಕು ಕಣ್ರೀ.”

ಬಾಗಿಲ ಹಿಂದಿನಿಂದ ಅವಳ ದನಿ ಬಂತು. “ಗೆದ್ಬುಟ್ರೆ ಏನ್ಮಾಡೋದು? ಅದನ್ನ ಹೇಳಿ ಮೊದ್ಲು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಂಜನಗೂಡಿನ ಕಡೆಯ ಒಕ್ಕಲುಮನೆಯ ಮಗಳು. ಓದಿದ್ದು ಎಂಟನೆಯ ತರಗತಿ. ನಾನಾದರೋ ಮಠದ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಶಾಸ್ತ್ರಾಭ್ಯಾಸ ಮಾಡಿದವನು. ಮುತ್ತು ಪೋಣಿಸಿದಂತಹ ಅಕ್ಷರವೆಂದು ಗುರುಗಳಿಂದಲೇ ಹೇಳಿಸಿಕೊಂಡವನು. ಸಭೆಯಲ್ಲಿ ಅವಳು ಕುಳಿತರೂ ಮಾತು ನನ್ನದೇ ಆಗಿರುತ್ತದೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಅವಳು ಗೆದ್ದಳು. ಪಾಲಿಕೆಯ ಮೊದಲ ಸಭೆಗೆಂದು “ಸನ್ಮಾನ್ಯ ಮಹಾಪೌರರೇ” ಎಂದು ಆರಂಭವಾಗುವ ನಾಲ್ಕು ಪುಟಗಳ ಭಾಷಣವನ್ನು ಬರೆದುಕೊಟ್ಟೆ. ಅದನ್ನು ಮಡಿಸಿ ಕೈಚೀಲದಲ್ಲಿ ಇಟ್ಟುಕೊಂಡು ಹೋದವಳು ಸಂಜೆ ಅದೇ ಮಡಿಕೆಯಲ್ಲಿ ಹಿಂದಕ್ಕೆ ತಂದಳು. “ಅಷ್ಟೊತ್ತು ಯಾರ್ ಕೇಳ್ತಾರೆ? ಬೀದಿದೀಪದ ವಿಷ್ಯ ಎರಡು ಮಾತು ಹೇಳ್ದೆ, ಬರ್ಕೊಂಡ್ರು” ಎಂದಳು. ಮರುವಾರವೇ ದೀಪ ಉರಿಯಿತು.

ಮೂವತ್ತು ವರ್ಷ ‘ಮೇಷ್ಟ್ರ ಮನೆ’ಯಾಗಿದ್ದ ನಮ್ಮ ಮನೆ ಆರು ತಿಂಗಳೊಳಗೆ ‘ಮೆಂಬರಮ್ಮನ ಮನೆ’ಯಾಯಿತು. ಬಂದವರು ಚಪ್ಪಲಿ ಕಳಚಿ, “ಅಮ್ಮಾವ್ರು ಇದಾರಾ?” ಎನ್ನುತ್ತಿದ್ದರು. ನಾನಿದ್ದೇನಲ್ಲ, ಹೇಳಿ ಎಂದರೆ, “ಇರ್ಲಿ ಬುಡಿ ಮೇಷ್ಟ್ರೇ, ಅವ್ರೇ ಬರ್ಲಿ” ಎಂದು ಜಗಲಿಯ ಮೇಲೆ ಕಾದು ಕೂರುತ್ತಿದ್ದರು. ಅವರಲ್ಲಿ ನನ್ನ ಶಿಷ್ಯರೂ ಇದ್ದರು. ಶಬ್ದರೂಪಗಳನ್ನು ನನ್ನಿಂದ ಕಲಿತವನೊಬ್ಬ ನನ್ನ ಎದುರಿನಲ್ಲಿಯೇ ಒಂದು ಗಂಟೆ ಕುಳಿತು, ಅವಳು ಬಂದೊಡನೆ ಎದ್ದು ನಿಂತ ಆ ಗಳಿಗೆ ಇಂದಿಗೂ ನನ್ನ ಎದೆಯಲ್ಲಿ ಮುಳ್ಳಿನಂತಿದೆ.

ಅವಳು ಮಾಡುತ್ತಿದ್ದುದಾದರೂ ಏನು? ಬೆಳಗ್ಗೆ ನೀರು ಬಿಡುವ ಹೊತ್ತಿಗೆ ಒಂದೊಂದು ದಿನ ಒಂದೊಂದು ಬೀದಿಯ ನಲ್ಲಿಯ ಬಳಿಗೆ ಹೋಗಿ, ಯಾರದೋ ಖಾಲಿ ಕೊಡವನ್ನು ಮಗುಚಿ ಹಾಕಿ ಅದರ ಮೇಲೆ ಕೂರುತ್ತಿದ್ದಳು. ಸರತಿಯಲ್ಲಿ ನಿಂತ ಹೆಂಗಸರು ಮಾತನಾಡುತ್ತಿದ್ದರು, ಅವಳು ಕೇಳುತ್ತಿದ್ದಳು. ನಾನು ಒಮ್ಮೆ ಅತ್ತ ಹೋಗುವ ನೆಪ ಮಾಡಿಕೊಂಡು ನೋಡಿದೆ. ಉಪದೇಶವಿಲ್ಲ, ಆಶ್ವಾಸನೆಯೂ ಇಲ್ಲ. ಕೇಳುವುದಕ್ಕೂ ಇಷ್ಟು ಗೌರವ ದೊರೆಯುವುದಾದರೆ ನಾನು ಜೀವಮಾನವೆಲ್ಲ ಮಾತನಾಡಿದ್ದು ಏತಕ್ಕೆ ಎನಿಸಿತು.

ಎರಡನೆಯ ವರ್ಷ ಆಯವ್ಯಯದ ಕಾಲ ಬಂತು. ಪ್ರತಿ ಸದಸ್ಯರೂ ತಮ್ಮ ವಾರ್ಡಿಗೆ ಬೇಕಾದ ಕಾಮಗಾರಿಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು ಕೊಡಬೇಕು. ಹಳೆಯ ಗುಮಾಸ್ತರೊಬ್ಬರು ನನಗೆ ಇದರ ಮರ್ಮವನ್ನು ತಿಳಿಸಿದ್ದರು: “ಪಟ್ಟೀಲಿ ಎಷ್ಟ್ ಬೇಕಾದ್ರೂ ಬರೀರಿ ಮೇಷ್ಟ್ರೇ. ಮೊದಲ್ನೇದು ಆಗತ್ತೆ. ಮಿಕ್ಕಿದ್ದು ಪಟ್ಟೀಲೇ ಇರತ್ತೆ.”

ನನಗೂ ಒಂದು ಆಸೆಯಿತ್ತು. ನಮ್ಮ ಬೀದಿಯ ಈಶ್ವರನ ಗುಡಿಯ ಪಕ್ಕದ ಖಾಲಿ ನಿವೇಶನ ಪಾಲಿಕೆಗೆ ಸೇರಿದ್ದು. ಅಲ್ಲೊಂದು ಪ್ರವಚನ ಮಂಟಪವಾದರೆ ಸಂಜೆ ಪುರಾಣ ಹೇಳಬಹುದು. ಆಗುತ್ತದೆಂದು ಹಿರಿಯರಿಗೆ ಮಾತನ್ನೂ ಕೊಟ್ಟುಬಿಟ್ಟಿದ್ದೆ. ದೈವಕಾರ್ಯವೆಂದು ಹೇಳಿಕೊಳ್ಳುತ್ತಿದ್ದೆನಾದರೂ, ವಾರ್ಡಿನಲ್ಲಿ ನನ್ನದೆಂದು ಒಂದಾದರೂ ನಿಲ್ಲಬೇಕೆಂಬುದೇ ಒಳಗಿನ ನಿಜ.

ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಪಟ್ಟಿ ಹೇಳಿದಳು. ಮೊದಲನೆಯದು, ಹಿಂದಿನ ಕೇರಿಯ ನಲ್ಲಿ. ಅಲ್ಲಿ ನೀರು ಮೇಲೇರದೆ ಜನ ಗುಂಡಿ ತೋಡಿ ನಲ್ಲಿಯನ್ನು ಕೆಳಗಿಳಿಸಿಕೊಂಡಿದ್ದರು. ಪಕ್ಕದ ಮೋರಿ ತುಂಬಿದಾಗಲೆಲ್ಲ ಆ ಕೊಳಕು ನೀರು ಗುಂಡಿಗೆ ಇಳಿಯುತ್ತಿತ್ತು. ಹೆಂಗಸರು ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ನೀರು ಹಿಡಿಯುತ್ತಿದ್ದರು. ಕೊಳವೆಯನ್ನು ಬದಲಿಸಿ ನಲ್ಲಿಯನ್ನು ಮೇಲೆತ್ತಬೇಕು, ಮೋರಿಗೆ ಕಲ್ಲು ಹಾಸಬೇಕು. ಎರಡನೆಯದು, ಶಾಲೆಯ ಮುಂದಿನ ರಸ್ತೆ.

“ಮೂರನೇದು ನಿಮ್ಮ ಮಂಟಪ ಬರ್ಕೊಳಿ” ಎಂದಳು.

“ಮೂರನೆಯದೆ?”

“ಮಂಟಪ ಕಾಯತ್ತೆ ಕಣ್ರೀ. ನೀರು ಕಾಯಲ್ಲ.”

ಮರುದಿನ ಮುಂಜಾನೆ ಪೂಜೆಗೆ ಕೂರುವುದಕ್ಕೆ ಮೊದಲೇ ಶುದ್ಧಪ್ರತಿ ಬರೆಯಲು ಕುಳಿತೆ. ವಿಭೂತಿ ಧರಿಸಿ ಕುಳಿತಿದ್ದರೆ ಕೈ ಆ ಕೆಲಸ ಮಾಡುತ್ತಿರಲಿಲ್ಲವೇನೋ. ಮೊದಲನೆಯ ಸಾಲಿನಲ್ಲಿ ಮಂಟಪವನ್ನೂ ಮೂರನೆಯ ಸಾಲಿನಲ್ಲಿ ನಲ್ಲಿಯನ್ನೂ ಬರೆದೆ. ಅಕ್ಷರಗಳು ಎಂದಿಗಿಂತಲೂ ಸುಂದರವಾಗಿ ಬಂದವು. ಅವಳು ಓದದೆಯೇ ರುಜು ಹಾಕಿದಳು. “ನೀವು ಬರ್ದಿದ್ದೀರಲ್ಲ, ಇನ್ನೇನ್ ಓದೋದು” ಎಂದಳು.

ಪಟ್ಟಿಗಳ ಚರ್ಚೆಯ ದಿನ ನಾನೂ ಪಾಲಿಕೆಗೆ ಹೋದೆ. ಸಭಾಂಗಣದ ಹಿಂಬದಿಯಲ್ಲಿ ಮಹಿಳಾ ಸದಸ್ಯರ ಗಂಡಂದಿರು ಕೂರುವ ಉದ್ದನೆಯ ಬೆಂಚೊಂದಿತ್ತು. ಅಲ್ಲಿನ ಜವಾನರು ಅದನ್ನು ‘ಪತಿದೇವರ ಬೆಂಚು’ ಎನ್ನುತ್ತಿದ್ದರು. ನನ್ನ ಪಕ್ಕದ ಪತಿದೇವರು ಮೀಸೆ ತಿರುವುತ್ತ, “ನಮ್ಮವ್ಳು ನನ್ನ ಮುಖ ನೋಡ್ದೆ ಕೈ ಎತ್ತಲ್ಲ ಮೇಷ್ಟ್ರೇ. ನಿಮ್ಮೋರು?” ಎಂದರು. ಆ ಎರಡು ವರ್ಷಗಳಲ್ಲಿ ನಾನು ಅಲ್ಲಿ ಬಂದು ಕುಳಿತಾಗಲೆಲ್ಲ, ಅವಳು ಒಮ್ಮೆಯೂ ಬೆಂಚಿನತ್ತ ನೋಡಿರಲಿಲ್ಲ. ಆ ಮೀಸೆಯ ಮನುಷ್ಯನನ್ನು ಕಂಡೂ ಆ ದಿನ ನಾನು ಕರುಬಿದೆ.

ಅಧಿಕಾರಿ ನಮ್ಮ ವಾರ್ಡಿನ ಹೆಸರು ಹೇಳಿ, “ಮೊದಲನೆಯ ಆದ್ಯತೆ, ಪ್ರವಚನ ಮಂಟಪ” ಎಂದು ಓದಿದರು.

ಅವಳು ಎದ್ದು ನಿಂತಳು. ಆಗ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಮನೆಯಲ್ಲಿ ಏನೋ ಕಳೆದುಹೋದಾಗ ಹುಡುಕುವಂತಹ ನೋಟ. ಅನಂತರ ಪೀಠದ ಕಡೆಗೆ ತಿರುಗಿದಳು.

“ಮೇಯರ್ ಸಾಹೇಬ್ರೇ, ತಪ್ಪಾಗಿದೆ. ಹೇಳಿ ಬರೆಸುವಾಗ ನಾನೇ ಹಿಂದುಮುಂದು ಮಾಡ್ಬುಟ್ಟೆ. ಮೊದಲ್ನೇದು ಹಿಂದಿನ ಕೇರಿ ನಲ್ಲಿ.”

ಎದುರಿನ ಸಾಲಿನ ಸದಸ್ಯರೊಬ್ಬರು ಬೆಂಚಿನ ಕಡೆಗೆ ಕಣ್ಣು ಹಾಯಿಸಿ, “ಬರ್ದೋರು ಯಾರು ಮೇಡಂ?” ಎಂದರು. ನಗೆ ಎದ್ದಿತು.

“ಬರ್ದೋರ್ದು ತಪ್ಪಿಲ್ಲ. ಹೇಳ್ದೋಳ್ದು ತಪ್ಪು.”

“ದೇವ್ರ ಕೆಲ್ಸ ಹಿಂದಕ್ಕೆ ಹಾಕ್ತೀರಾ ಹಾಗಾದ್ರೆ?”

“ದೇವ್ರಿಗೂ ಅಭಿಷೇಕಕ್ಕೆ ಅದೇ ನಲ್ಲಿ ನೀರು ಸ್ವಾಮಿ” ಎಂದಳು.

ಸಭೆ ಮೇಜು ಕುಟ್ಟಿತು. ಮೇಯರ್ ಅವರು ನಗುತ್ತ ತಿದ್ದಿಕೊಳ್ಳಲು ಹೇಳಿದರು. ಗುಡಿಯ ಅರ್ಚಕರು ಹಿಂದಿನ ಕೇರಿಯ ಆ ನಲ್ಲಿಯಿಂದಲೇ ನೀರು ಹೊರುತ್ತಿದ್ದುದನ್ನು ನಾನು ವರ್ಷಗಟ್ಟಲೆ ಕಂಡಿದ್ದೆ. ಕಂಡಿದ್ದೆನಷ್ಟೆ. ನಾಚಿಕೆಯಿಂದ ತಲೆ ತಗ್ಗಿಸಬೇಕಾದ ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಎದ್ದ ಮೊದಲ ಭಾವವನ್ನು ಪರಶಿವನ ಸಾಕ್ಷಿಯಾಗಿ ಬರೆಯುತ್ತೇನೆ: ಆ ಮಾತು ನನ್ನದಾಗಬೇಕಿತ್ತು. ಅಲಂಕಾರಶಾಸ್ತ್ರ ಓದಿದವನು ನಾನು, ಆ ವಾಕ್ಯ ಹುಟ್ಟಿದ್ದು ಅವಳ ಬಾಯಲ್ಲಿ. ನನ್ನನ್ನು ಕಾಪಾಡಿದಳೆಂಬುದಕ್ಕೂ ಹೊಟ್ಟೆ ಉರಿಯಿತು. ಕ್ಷಮೆಯಲ್ಲಿಯೂ ಅವಳು ನನ್ನನ್ನು ಮೀರಿಸಿದ್ದಳು.

ಮನೆಗೆ ಬಂದು, ಕಾಫಿ ಕಲಸಿ ನನ್ನ ಮುಂದಿಟ್ಟು, “ಇನ್ಮೇಲೆ ಪಟ್ಟಿ ನಾನೇ ಬರ್ಕೋತೀನಿ” ಎಂದಳು.

“ನಿನ್ನ ಅಕ್ಷರ...”

“ಸೊಟ್ಟಗಿದ್ರೂ ಪರವಾಗಿಲ್ಲ ಬುಡಿ.”

ಅಷ್ಟೇ. ಆ ಕೆಲಸದಲ್ಲಿ ನನಗೆ ಉಳಿದಿದ್ದ ಒಂದೇ ಒಂದು ಪಾಲೂ ಆ ಕಾಫಿಯೊಡನೆ ಮುಗಿಯಿತು.

ಮುಂದಿನ ಬೇಸಗೆಯಲ್ಲಿ ನಲ್ಲಿ ಮೇಲೆದ್ದಿತು. ಕೇರಿಯ ಹೆಂಗಸರು ಅದಕ್ಕೆ ಅರಿಸಿನ ಕುಂಕುಮವಿಟ್ಟು ಹೂ ಮುಡಿಸಿದರಂತೆ. ನಾನು ಹೋಗಲಿಲ್ಲ. ಅವರಲ್ಲೊಬ್ಬಾಕೆ ತುಂಬಿದ ಕೊಡ ಹೊತ್ತು ನಮ್ಮ ಬಾಗಿಲಿಗೆ ಬಂದಳು. “ಮೊದಲ್ನೇ ಕೊಡ ಮೇಷ್ಟ್ರ ಪೂಜೆಗೆ ಅಂದ್ರು ಅಮ್ಮಾವ್ರು. ತಗೊಳಿ, ಬಟ್ಟೆ ಕಟ್ಟಿಲ್ಲ.” ನೀರು ತಿಳಿಯಾಗಿತ್ತು. ಅದರಿಂದಲೇ ಲಿಂಗಕ್ಕೆ ಅಭಿಷೇಕ ಮಾಡಿದೆ. ನಾಲಗೆ ಮಂತ್ರವನ್ನು ತಪ್ಪದೆ ಹೇಳಿತು. ಮನಸ್ಸು ಮಾತ್ರ, ಇದನ್ನು ಕಳುಹಿಸಬೇಕೆಂದು ಅವಳಿಗೆ ಹೊಳೆದದ್ದಾದರೂ ಹೇಗೆ ಎಂದು ಉರಿಯುತ್ತಿತ್ತು.

ಅವಳ ಅವಧಿ ಮುಗಿದ ಮೇಲೆ ಮೀಸಲಾತಿ ಬದಲಾಗಿ, ಗಂಡಸರೂ ನಿಲ್ಲಬಹುದಾಯಿತು. ಹಿರಿಯರು ಮತ್ತೆ ಬಂದರು. “ಅಮ್ಮಾವ್ರೇ ಇನ್ನೊಂದ್ಸಲ ನಿಂತ್ಕೊಳ್ಳಲಿ” ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಅವಳೇ ಒಲ್ಲೆನೆಂದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ, ಬೀರುವಿನಲ್ಲಿ ಪಂಚಾಂಗ ಹುಡುಕುತ್ತಿದ್ದಾಗ ಅವಳ ಹಳೆಯ ನೋಟುಪುಸ್ತಕ ಸಿಕ್ಕಿತು. ಆಮೇಲಿನ ಮೂರು ವರ್ಷಗಳ ಪಟ್ಟಿಗಳೂ ಅದರಲ್ಲಿದ್ದವು, ಸೊಟ್ಟ ಅಕ್ಷರಗಳಲ್ಲಿ. ಮೊದಲ ಸಾಲು ವರ್ಷಕ್ಕೊಮ್ಮೆ ಬದಲಾಗಿತ್ತು: ರಸ್ತೆ, ಅಂಗನವಾಡಿ, ಇನ್ನೊಂದು ನಲ್ಲಿ. ಎರಡನೆಯದೂ ಬದಲಾಗಿತ್ತು. ಮೂರನೆಯ ಸಾಲು ಮಾತ್ರ ಮೂರು ಪಟ್ಟಿಗಳಲ್ಲಿಯೂ ಒಂದೇ. ‘ಮೇಷ್ಟ್ರ ಮಂಟಪ.’

ಅಳಿಸಿಯೂ ಇರಲಿಲ್ಲ, ಮೇಲೇರಿಸಿಯೂ ಇರಲಿಲ್ಲ. ಅವಳ ಸ್ಥಾನದಲ್ಲಿ ನಾನಿದ್ದಿದ್ದರೆ ಇವೆರಡರಲ್ಲಿ ಒಂದನ್ನು ಖಂಡಿತ ಮಾಡಿರುತ್ತಿದ್ದೆ. ಪುಸ್ತಕವನ್ನು ಇದ್ದಲ್ಲಿಯೇ ಇಟ್ಟೆ. ಹೊರಗೆ ಯಾರೋ ಬಾಗಿಲು ತಟ್ಟಿ, ಮೆಂಬರಮ್ಮನ ಮನೆ ಇದೇನಾ ಎಂದು ಕೇಳಿದರು. ಬಾಗಿಲು ತೆರೆದು, ಹೌದು, ಕುಳಿತುಕೊಳ್ಳಿ, ಕರೆಯುತ್ತೇನೆ ಎಂದೆ.