ಗಿಳಿಯ ಕಥೆಗೆ ಮಾವನ ಹೂಂ

ಬಾಳ್ಳುಪೇಟೆಯ ಹೇಮಶ್ರೀ ಬಗ್ಗೆ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಒಂದೇ. ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ ಕಥೆಯ ರಾಕ್ಷಸ ಕೂಡ ಒಂದು ಕಾಲದಲ್ಲಿ ಮಗುವಾಗಿದ್ದಿರಬೇಕು ಎಂದು ಆಕೆ ಯೋಚಿಸಿದರು. ಯೋಚಿಸಿ ಸುಮ್ಮನಾಗಲಿಲ್ಲ. ಮಕ್ಕಳಿಗಾಗಿ ಒಂದು ಕಾದಂಬರಿಯನ್ನೇ ಬರೆದರು.

ಹೇಮಶ್ರೀ ಟೈಲರ್. ಹೆದ್ದಾರಿ ಪಕ್ಕದಲ್ಲಿ ಅವರ ಅಂಗಡಿ. ಅದಕ್ಕೆ ಅಂಟಿಕೊಂಡು ನನ್ನ ಪಂಕ್ಚರ್ ಅಂಗಡಿ. ನಡುವೆ ತಗಡಿನ ಗೋಡೆ. ಹಾಗಾಗಿ ಅಲ್ಲಿಯ ಮಾತೆಲ್ಲ ನನಗೆ ಕೇಳುತ್ತದೆ, ಲಾರಿ ಹೋಗುವಾಗ ಮಾತ್ರ ಕೇಳುವುದಿಲ್ಲ.

ಅವರ ಮಾವ ದ್ಯಾವಯ್ಯ ಮೊದಲು ಎಸ್ಟೇಟಿನಲ್ಲಿ ಕಣ ಕಾಯುತ್ತಿದ್ದರು. ಒಣಹಾಕಿದ ಕಾಫಿಯ ಪಕ್ಕ ಕೂತು ಕೂಲಿ ಲೈನಿನ ಮನೆಗಳ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಈಗ ಸೊಸೆಯ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಾಕುತ್ತಾರೆ. ಸೂಜಿಗೆ ದಾರ ಮಾತ್ರ ಸೊಸೆಯೇ ಪೋಣಿಸಿಕೊಡಬೇಕು. ಅವರ ಕಥೆಗಳಲ್ಲಿ ಎಲ್ಲರಿಗೂ ಇಷ್ಟವಾದದ್ದು, ಏಳು ಸಮುದ್ರದಾಚೆಯ ಗಿಳಿಯೊಳಗೆ ಜೀವ ಇಟ್ಟ ರಾಕ್ಷಸನದು. ರಾಜಕುಮಾರ ಹೋಗಿ ಗಿಳಿಯ ಕತ್ತು ಮುರಿಯುತ್ತಾನೆ. ಇತ್ತ ರಾಕ್ಷಸ ಬೀಳುತ್ತಾನೆ.

ಒಂದು ಸಂಜೆ ಹೇಮಶ್ರೀಯ ಮಗಳು ರಶ್ಮಿತಾ, ರಾಕ್ಷಸ ತನ್ನ ಜೀವವನ್ನು ತನ್ನ ಹತ್ತಿರವೇ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ಕೇಳಿದಳು. ಕಥೆಯಲ್ಲಿ ಇರುವುದೇ ಹಾಗೆ ಎಂದರು ತಾತ. ಹುಡುಗಿ ಸುಮ್ಮನಾದಳು. ಅಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆಯತೊಡಗಿದರು.

ಅವರ ರಾಕ್ಷಸ ಮೊದಲು ಒಬ್ಬ ಹುಡುಗ. ವಯಸ್ಸಿಗೆ ಮೀರಿ ಬೆಳೆದವನು. ಮುಟ್ಟಿದ್ದೆಲ್ಲ ಮುರಿಯುತ್ತಿತ್ತು. ಯಾರೂ ಆಟಕ್ಕೆ ಸೇರಿಸುತ್ತಿರಲಿಲ್ಲ. ಒಂದು ಗಿಳಿ ಮಾತ್ರ ಹೆದರದೆ ಭುಜದ ಮೇಲೆ ಬಂದು ಕೂರುತ್ತಿತ್ತು. ತನ್ನ ಜೀವವೂ ತನ್ನ ಕೈಯಲ್ಲೇ ಮುರಿದುಹೋದೀತು ಎಂದು ಅವನು ಅದನ್ನು ಗಿಳಿಗೆ ಕೊಟ್ಟ.

ಬಸ್ಸಿಗೆ ಕಾಯುವ ಶಾಲೆ ಮಕ್ಕಳು ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು ಹೇಮಶ್ರೀ ಓದಿದ್ದನ್ನೆಲ್ಲ ಕೇಳಿದರು. ಹಾಸನದ ಒಬ್ಬ ಪ್ರಕಾಶಕರು ಬೇಸಿಗೆ ರಜೆಯೊಳಗೆ ಪುಸ್ತಕ ಮಾಡುತ್ತೇನೆ ಎಂದರು. ಆದರೆ ಮಾವ ಹೂಂ ಅನ್ನಲಿಲ್ಲ.

ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಹೇಮಶ್ರೀ ಓದುವಾಗ ದ್ಯಾವಯ್ಯ ತಲೆ ತಗ್ಗಿಸಿ ಹುಕ್ಕು ಹಾಕುತ್ತಲೇ ಇದ್ದರು. ಕಥೆ ಮಾವನದು, ಅವರು ಹೂಂ ಅನ್ನದೆ ಅಚ್ಚಿಗೆ ಕೊಡುವುದಿಲ್ಲ ಎಂದು ಹೇಮಶ್ರೀ ಕೂತುಬಿಟ್ಟರು. ಪಿಕಪ್ ಓಡಿಸುವ ಗಂಡ ನವೀನ್‌ಕುಮಾರ್ ನಕ್ಕರು. “ಅಪ್ಪ ಊಟಕ್ಕೆ ಕರುದ್ರೂ ಹೂಂ ಅನ್ನಲ್ಲ ಕಣೆ. ನೀನು ಕಾಯ್ಕೊಂಡು ಕೂತಿದ್ದೀಯ.”

ಕೊನೆಗೆ ಸೊಸೆಯೇ ಏನು ಕೊರತೆ ಎಂದು ಕೇಳಿದರು.

“ರಾಕ್ಷಸನ ಮ್ಯಾಲೆ ಮಕ್ಕಳಿಗೆ ಕನಿಕರ ಬಂದ್ಬುಟ್ರೆ ರಾಜಕುಮಾರ ಯಾಕವ್ವ ಬೇಕು? ನನ್ ಕಥೆ ಕೆಟ್ಟೋಯ್ತದೆ” ಎಂದರು ದ್ಯಾವಯ್ಯ.

“ಕೆಡ್ಸಕ್ಕಲ್ಲ ಮಾವ. ನಿಮ್ ಕಥೆ ಶುರುವಾಗೋಕೆ ಮೊದ್ಲು ಏನಾಯ್ತು ಅಂತ ಅಷ್ಟೇಯ.”

ಮಾವ ಒಂದು ಹುಕ್ಕು ಮುಗಿಸಿ ದಾರ ಕಚ್ಚಿದರು. “ಹುಡ್ಗ ಕೊಟ್ಟ, ಸರಿ. ಗಿಳೀನ ಒಂದ್ ಮಾತು ಕೇಳಿದ್ನಾ?”

ಅವತ್ತು ಹೊಲಿಗೆ ಮಿಷನ್ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಆ ಅಧ್ಯಾಯವನ್ನು ಹರಿದು ಹೊಸದಾಗಿ ಬರೆದರು. ಮುಗಿದ ಸಂಜೆ ಮಾವನ ಮುಂದೆ ಕೂತು ಓದಿದರು. ನಾನು ಟ್ಯೂಬನ್ನು ನೀರಿಗೆ ಅದ್ದಿಕೊಂಡು ಕಿವಿ ಅತ್ತಲೇ ಇಟ್ಟಿದ್ದೆ. ಈಗ ಹುಡುಗ ಗಿಳಿಯನ್ನು ಕೇಳುತ್ತಾನೆ. ಗಿಳಿ ತಕ್ಷಣ ಒಪ್ಪುವುದಿಲ್ಲ. ಇನ್ನು ಮೇಲೆ ತಾನು ಇಬ್ಬರ ಪಾಲಿನ ಹೆದರಿಕೆ ಹೊರಬೇಕು, ಹಣ್ಣಿನ ಮರಕ್ಕೆ ಹೋಗುವಾಗಲೂ ಬೇಟೆಗಾರ ಇದ್ದಾನೋ ಎಂದು ನೋಡಬೇಕು ಅನ್ನುತ್ತದೆ. ಕೊನೆಗೆ ಒಪ್ಪಿ ಒಂದು ಷರತ್ತು ಹಾಕುತ್ತದೆ. ನೀನು ನನ್ನನ್ನು ನೋಡಲು ಬರಬಾರದು, ಬಂದರೆ ಎಲ್ಲರಿಗೂ ಜಾಗ ಗೊತ್ತಾಗುತ್ತದೆ. ಇದ್ದ ಒಬ್ಬ ಗೆಳೆಯನೂ ಸಮುದ್ರಗಳನ್ನು ದಾಟಿ ಹಾರಿಹೋಗುತ್ತಾನೆ. ಹುಡುಗ ದಡದಲ್ಲೇ ನಿಲ್ಲುತ್ತಾನೆ.

“ಹೂಂ” ಎಂದರು ದ್ಯಾವಯ್ಯ.

ಹೇಮಶ್ರೀ ಓದುವುದನ್ನೇ ನಿಲ್ಲಿಸಿಬಿಟ್ಟರು.

“ಹೂಂ ಅಂದ್ನಲ್ಲವ್ವ. ಮುಂದಕ್ಕೆ ಓದು.”

ಮಾರನೆಯ ದಿನ ಬೆಳಗಿನ ಬಸ್ಸಿಗೇ ಹೇಮಶ್ರೀ ಹಾಸನಕ್ಕೆ ಹೋಗಿ ಬರೆದದ್ದನ್ನು ಕೊಟ್ಟು ಬಂದರು. ಈಗ ಪುಸ್ತಕ ಬಂದಿದೆ. ಗಿಳಿ ಆಚೆ ದಡ ಸೇರುವಲ್ಲಿಗೆ ಅದು ಮುಗಿಯುತ್ತದೆ. ಮುಂದಿನದು ಮಾವನ ಕಥೆ. ಸೊಸೆ ಓದಿ ಮುಗಿಸಿದ ಮೇಲೆ ಅವರು ಶುರು ಮಾಡುತ್ತಾರೆ, ಒಂದು ಮಾತೂ ಬದಲಿಸಿಲ್ಲ. ಆದರೆ ಕತ್ತು ಮುರಿಯುವ ಜಾಗ ಬಂದಾಗ ಮಕ್ಕಳು ತಕ್ಷಣ ಹೂಂ ಅನ್ನುವುದಿಲ್ಲ. ದ್ಯಾವಯ್ಯ ಗದರುವುದಿಲ್ಲ. ಸೂಜಿ ಹಿಡಿದುಕೊಂಡು ಕಾಯುತ್ತಾರೆ.

ಈ ಕಡೆ ಬಂದರೆ ಬಾಳ್ಳುಪೇಟೆಯಲ್ಲಿ ಬಸ್ಸಿಳಿದು ಇವರಿಬ್ಬರನ್ನೂ ಕಂಡು ಹೋಗಿ. ಶಾಲೆ ಬಿಡುವ ಹೊತ್ತಿಗೆ ಬನ್ನಿ. ಬೆಂಚಿನ ಮೇಲೆ ಜಾಗ ಸಿಗದಿದ್ದರೆ ನನ್ನ ಅಂಗಡಿಯ ಟೈರಿನ ಮೇಲೆ ಕೂರಬಹುದು, ಅಲ್ಲಿಂದಲೂ ಕೇಳುತ್ತದೆ. ಹೂಂ ಅನ್ನುವುದನ್ನು ಮಾತ್ರ ಮರೆಯಬೇಡಿ.