ಹೊಸ್ತಿಲು ದಾಟದ ಅಂಗಿ

ನಮ್ಮ ಮನೆಯ ಬಟ್ಟೆಬರೆಗಳಲ್ಲಿ ರಾಜಮರ್ಯಾದೆ ಸಲ್ಲುವುದು ಹೆಂಡತಿಯ ರೇಷ್ಮೆ ಸೀರೆಗಲ್ಲ, ನನ್ನ ಔಷಧಿ ಅಂಗಿಗೆ. ಮತ್ತೋಡಿನ ಹತ್ತಿರದ ನಮ್ಮ ದಾಳಿಂಬೆ ತೋಟಕ್ಕೆ ಕೀಟನಾಶಕ ಸಿಂಪಡಿಸುವಾಗ ತೊಡುವ, ಕುತ್ತಿಗೆಯಿಂದ ಕಾಲಿನವರೆಗೆ ಅಖಂಡವಾಗಿರುವ ಈ ಶ್ವೇತವಸ್ತ್ರಕ್ಕೆ ಸ್ವಂತ ಬಕೆಟ್ಟು, ಸ್ವಂತ ಸೋಪು, ಬೇಲಿಯಾಚೆ ಬಿಸಿಲು ಬೀಳುವಲ್ಲಿ ಸ್ವಂತ ತಂತಿ. ಇಷ್ಟು ಕಾಲ ಸಂಸಾರ ಮಾಡಿದ ನನಗೆ ಬಚ್ಚಲಲ್ಲಿ ಸ್ವಂತದ್ದೊಂದು ಗೂಟವೂ ಇಲ್ಲವೆಂಬುದನ್ನು, ಓದುಗ ಮಿತ್ರರೇ, ಸುಮ್ಮನೆ ನಿಮ್ಮ ಕಿವಿಗೆ ಹಾಕಿಟ್ಟಿರುತ್ತೇನೆ.

ಮಗಳು ಕೂಸಿನೊಂದಿಗೆ ಬಂದು ನಿಂತಾಗ ಹೆಂಡತಿ ಹೊರಡಿಸಿದ ಶಾಸನವಿದು. ಕೈಗವುಸನ್ನು ಕೈಯಲ್ಲಿದ್ದಂತೆಯೇ ಸೋಪು ಹಚ್ಚಿ ತೊಳೆಯಬೇಕು, ಆಮೇಲಷ್ಟೇ ಅಂಗಿ ಕಳಚಬೇಕು. ಮನೆಯವರ ಬಟ್ಟೆಯ ಜೊತೆ ಅದು ನೆನೆಯುವಂತಿಲ್ಲ. ನಾನು ಮೀಯದೆ ಜಗಲಿ ಹತ್ತುವಂತಿಲ್ಲ. ಯಾವ ಪೂಜಾರಿಗೂ ಇಷ್ಟು ಮಡಿಯಿಲ್ಲವಲ್ಲ ಎಂದು ಗೊಣಗಿದೆ.

"ಮನೆಯಾಗೆ ಕೂಸು ಐತೆ. ತೊಳ್ಕಂಡು ಬರ್ರಿ, ಇಲ್ಲಾ ಅಲ್ಲೇ ಕುಂತ್ಕಳ್ರಿ" ಎಂದಳು ಹೆಂಡತಿ.

ತೋಳುಗಳಿಗೆ ಕೋಲು ಪೋಣಿಸಿ ಒಣಹಾಕಿದ ಅಂಗಿ ಗಾಳಿಗೆ ನನ್ನಂತೆಯೇ ಹೊಟ್ಟೆ ಉಬ್ಬಿಸಿ ನಿಲ್ಲುತ್ತಿತ್ತು. ಪಕ್ಕದ ತೋಟದವರು ಅದನ್ನು ದೃಷ್ಟಿಬೊಂಬೆಯೆಂದೇ ತಿಳಿದು, ಎಲ್ಲಿ ಮಾಡಿಸಿದಿರೆಂದು ಕೇಳಿ, ಒಂದು ಕುಂಬಳಕಾಯಿ ತಲೆಯಿದ್ದರೆ ಲಕ್ಷಣವಾಗಿರುತ್ತಿತ್ತೆಂದು ಸಲಹೆಯನ್ನೂ ಕೊಟ್ಟರು. ತಲೆಯಿದ್ದೂ ಲಕ್ಷಣವಿಲ್ಲದ ನಾನು ತಲೆಯಾಡಿಸಿದೆ.

ನನ್ನ ಸಂಕಟವೇ ಬೇರೆಯಿತ್ತು. ಮೊಮ್ಮಗಳಿಗೆ ಆಗತಾನೇ ಮಾತು ಬರುತ್ತಿತ್ತು. ಅಮ್ಮ ಎಂದಳು, ಅಜ್ಜಿ ಎಂದಳು, ಎಮ್ಮೆಯನ್ನೂ ಏನೋ ಒಂದು ಹೆಸರಿಟ್ಟು ಕರೆದಳು. ತಾತ ಎನ್ನಲಿಲ್ಲ. ನಗಬೇಡಿ, ನನಗೆ ನಿಜಕ್ಕೂ ಬೇಜಾರಾಗಿತ್ತು.

ಮೊನ್ನೆ ಸಿಂಪಡಣೆ ಮುಗಿಸಿ, ಅಂಗಿ, ಕನ್ನಡಕ, ಮುಖಗವುಸುಗಳ ಸಮೇತ ಬೇಲಿಯ ಬಳಿ ಬಂದೆ. ಜಗಲಿಯಲ್ಲಿ ಅಜ್ಜಿಯ ತೊಡೆಯ ಮೇಲಿದ್ದ ಕೂಸು ನನ್ನತ್ತ ಬೆರಳು ಮಾಡಿ, "ತಾತ" ಎಂದಿತು. ಓಡಿಹೋಗಿ ಎತ್ತಿಕೊಳ್ಳಲು ಹೆಜ್ಜೆ ಎತ್ತಿದ್ದೆ. ಹೆಂಡತಿ ಬಕೆಟ್ಟಿನ ಕಡೆ ನೋಡಿದಳು. ಎತ್ತಿದ ಹೆಜ್ಜೆ ಅತ್ತಲೇ ತಿರುಗಿತು.

ಕೈಗವುಸು ತೊಳೆದೆ, ಅಂಗಿ ಒಗೆದು ಒಣಹಾಕಿದೆ, ಮೈಯುಜ್ಜಿ ಮಿಂದೆ. ಇಸ್ತ್ರಿ ಮಾಡಿದ ಪಂಚೆಯುಟ್ಟು, ಇರುವಷ್ಟು ಕೂದಲನ್ನು ಬಾಚಿ, ಜಗಲಿಗೆ ಬಂದು ಕೈ ಚಾಚಿದೆ. ಕೂಸು ವಿಳಾಸ ಕೇಳಲು ಬಂದವರನ್ನು ನೋಡುವಂತೆ ನನ್ನನ್ನು ನೋಡಿ, ನನ್ನ ಹೆಗಲಾಚೆ ತಂತಿಯತ್ತ ಕೈ ಬೀಸಿ, "ತಾತ" ಎಂದಿತು. ಅಂಗಿಯೂ ಗಾಳಿಗೆ ತೋಳಾಡಿಸಿತು.

ಆದರೂ ಎತ್ತಿಕೊಂಡೆ, ಅಳದೆ ಬಂದಳು. ಹೋಗಲಿ, ರಾಜಮರ್ಯಾದೆಯ ಜೊತೆಗೆ ನನ್ನ ಹೆಸರನ್ನೂ ಅಂಗಿಯೇ ಇಟ್ಟುಕೊಳ್ಳಲಿ. ಅದು ಬೇಲಿಯಾಚೆ ಇತ್ತು, ಕೂಸು ನನ್ನ ಕಂಕುಳಲ್ಲಿತ್ತು.