ಹಾರಿಸಿ ಓದಿದ ಅಧ್ಯಾಯ

ಓದಲಿಕ್ಕೆ ಒಳ್ಳೆಯದೊಂದು ಪುಸ್ತಕ ಹೇಳಿ ಸರ್ ಎಂದು ಹಳೆಯ ವಿದ್ಯಾರ್ಥಿಗಳು ಈಗಲೂ ಕೇಳುತ್ತಾರೆ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರಾಗಿರುವ ಒಬ್ಬನಂತೂ ನನ್ನ ಬಾಯಿ ತೆರೆಸಿ, ದವಡೆಗೆ ಹತ್ತಿ ತುರುಕಿದ ಮೇಲೆ ಕೇಳಿದ. ಮೂವತ್ತು ವರ್ಷ ಹೊನ್ನಾವರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನಿಗೆ ಇದು ತಪ್ಪಿದ್ದಲ್ಲ. ಮೊದಲೆಲ್ಲ ಪಟ್ಟಿಯನ್ನೇ ಕೊಡುತ್ತಿದ್ದೆ. ಈಗ ಒಂದೇ ಪುಸ್ತಕ ಹೇಳುತ್ತೇನೆ, ಜೊತೆಗೊಂದು ಷರತ್ತು: ಒಂದು ಹಾಳೆಯನ್ನೂ ಹಾರಿಸಬಾರದು. ಮಾಸ್ತರಿಕೆ ಇನ್ನೂ ಬಿಟ್ಟಿಲ್ಲ ಎಂದು ಅವರು ನಗುತ್ತಾರೆ.

ಅದೊಬ್ಬ ಮುಳುಗುಗಾರನ ಆತ್ಮಕಥೆ. ಯಾವುದೋ ದೂರದೇಶದ ನೌಕಾಪಡೆಯಲ್ಲಿ ಸಮುದ್ರದಡಿಯ ಸಿಡಿಮದ್ದು ತೆಗೆಯುವ ಕೆಲಸ ಮಾಡಿದವನು, ಆಮೇಲೆ ತೈಲ ಕಂಪನಿಗಳಿಗಾಗಿ ಕಡಲ ತಳದ ಪೈಪುಗಳನ್ನು ಬೆಸೆದವನು. ಕುಮಟಾದ ಗುಜರಿ ಅಂಗಡಿಯಲ್ಲಿ ಹಳೆಯ ಗೈಡುಗಳ ರಾಶಿಯ ನಡುವೆ ಸಿಕ್ಕಿತ್ತು. ರಟ್ಟು ಹರಿದಿತ್ತು, ಮೊದಲ ನಾಲ್ಕು ಹಾಳೆ ಇರಲಿಲ್ಲ. ಹೀಗಾಗಿ ಪುಸ್ತಕದ ಹೆಸರೂ ಬರೆದವನ ಹೆಸರೂ ನನಗೆ ಗೊತ್ತಿಲ್ಲ. ಓದಬೇಕೆನ್ನುವವರು ನನ್ನ ಮನೆಗೇ ಬಂದು ಒಯ್ಯಬೇಕು.

ನಾನು ಅದನ್ನು ಮೊಟ್ಟಮೊದಲು ಹೇಳಿದ್ದು ನನ್ನ ಹೆಂಡತಿಯ ತಮ್ಮನಿಗೆ. ಅವನ ಮನೆ ಕಾಸರಕೋಡದಲ್ಲಿ. ಬೋಟಿನಡಿ ತಿರುಗುವ ಫ್ಯಾನಿಗೆ ಬಲೆ ಸುತ್ತಿಕೊಂಡು ಎಂಜಿನ್ ನಿಂತರೆ, ಬಾಯಲ್ಲಿ ಚೂರಿ ಕಚ್ಚಿ ಕೆಳಗಿಳಿದು ಕತ್ತರಿಸಿ ಬರುವವನು ಅವನೇ. ಬಂದರಿನಲ್ಲಿ ಲಂಗರು ಕಳೆದರೂ, ಯಾರದೋ ಮೊಬೈಲು ನೀರಿಗೆ ಬಿದ್ದರೂ ಅವನಿಗೇ ಕರೆ. ಎಲ್ಲವೂ ಒಂದೇ ಉಸಿರಿನಲ್ಲಿ, ಎರಡು ಮಾರು, ಮೂರು ಮಾರು ಆಳದಲ್ಲಿ. ಎರಡು ಕೈ ಚಾಚಿದಷ್ಟು ಉದ್ದಕ್ಕೆ ಒಂದು ಮಾರು. ಅವರ ಸಮುದ್ರದ ಲೆಕ್ಕವೆಲ್ಲ ಅದರಲ್ಲೇ.

ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗ ಅವನು ಜಗುಲಿಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾನೆ. ಹೋದ ವರ್ಷ ನಾನು ಮಧ್ಯಾಹ್ನದ ಊಟ ಮುಗಿಸಿ ಶರಾವತಿ ಸೇತುವೆ ದಾಟಿ ಹೋಗುತ್ತಿದ್ದೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ.

ಹೇಳುತ್ತಿದ್ದೆ ಎಂದರೆ ಸಾಲದು, ಅರ್ಥ ಹೇಳುತ್ತಿದ್ದೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ, ತಾಳಮದ್ದಲೆ, ನನಗೆ ಅದರ ಚಟ. ಧಾರೇಶ್ವರದಿಂದ ಭಟ್ಕಳದವರೆಗೆ ಎಲ್ಲಿ ಕೂಟವಿದ್ದರೂ ಹೋಗಿ, ಸಿಕ್ಕ ಪಾತ್ರಕ್ಕೆ ಅರ್ಥ ಹೇಳಿ ಬಂದವನು. ನಮ್ಮಲ್ಲಿ ಒಂದು ಪದ್ಯ ಹಿಡಿದು ಅರ್ಧ ತಾಸು ಎಳೆಯಬಹುದು, ರಸವಿಲ್ಲದ ಹತ್ತು ಪದ್ಯ ಬಿಟ್ಟುಬಿಡಬಹುದು. ಭಾಗವತರೇ ಬಿಡಿಸುತ್ತಾರೆ, ಯಾರೂ ತಪ್ಪು ಹಿಡಿಯುವುದಿಲ್ಲ. ಕೂತವರು ಆಕಳಿಸಬಾರದು, ಅಷ್ಟೇ. ಪುಸ್ತಕವನ್ನೂ ಹಾಗೆಯೇ ಹೇಳಿದೆ. ಸಿಡಿಮದ್ದಿನ ಪ್ರಸಂಗವನ್ನು ಮೂರು ದಿನ ಎಳೆದೆ. ಕತ್ತಲ ನೀರಿನಲ್ಲಿ ಮುಳುಗಿದ ಹಡಗಿನೊಳಗೆ ಆ ಮುಳುಗುಗಾರ ದಾರಿ ತಪ್ಪಿದಾಗ ನನ್ನ ಭಾವಮೈದುನನ ಕೈಯಲ್ಲಿ ಬಲೆ ಹೊಲಿಯುವ ಸೂಜಿ ನಿಂತೇಹೋಗಿತ್ತು.

ನಡುವೆ ಒಂದು ಅಧ್ಯಾಯವಿತ್ತು. ಆಳದಲ್ಲಿ ಉಸಿರಾಡಿದ ಗಾಳಿ ರಕ್ತಕ್ಕೆ ಇಳಿಯುತ್ತದೆ, ಗಡಬಡಿಸಿ ಮೇಲೆ ಬಂದರೆ ಅದು ಮೈಯೊಳಗೇ ಗುಳ್ಳೆ ಕಟ್ಟುತ್ತದೆ, ಆದ್ದರಿಂದ ಏರುವಾಗ ಹಗ್ಗ ಹಿಡಿದು ಅಲ್ಲಲ್ಲಿ ನಿಲ್ಲಬೇಕು ಎಂಬ ವಿವರ. ನಿಲ್ಲದೆ ಬಂದು ಮಲಗಿದಲ್ಲೇ ಉಳಿದ ಒಬ್ಬ ಗೆಳೆಯನ ವಿಷಯ. ಅದರ ಬೆನ್ನಿಗೆ ಹತ್ತು ಪುಟ ಬರೀ ಕೋಷ್ಟಕ: ಎಷ್ಟು ಆಳ, ಎಷ್ಟು ಹೊತ್ತು, ಎಲ್ಲಿ ಎಷ್ಟು ನಿಮಿಷ ಕಾಯಬೇಕು. ನಾನು ಅದನ್ನು ಓದಿರಲಿಲ್ಲ ಎಂದಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಓದಿದ್ದೆ. ಅಂಕಿಗಳಿಗೆ ಅರ್ಥ ಹೇಳುವುದು ಹೇಗೆ, ಇವನಿಗ್ಯಾಕೆ ಇದು, ಉಸಿರು ಕಟ್ಟಿ ಇಳಿಯುವವನಿಗೆ ಎಂದುಕೊಂಡು ಮರುದಿನ ಹಾಳೆ ಮಗುಚಿ ಮುಂದಿನ ಕಥೆಗೆ ಹೋದೆ.

ಬಂದ್ ಮುಗಿದು ಒಂದೂವರೆ ತಿಂಗಳಿಗೆ ಭಟ್ಕಳದ ಹೊರಗೆ ಒಂದು ಬೋಟು ಮುಳುಗಿತು. ಜನ ಉಳಿದರು. ಬೋಟು ಹದಿನೆಂಟು ಮಾರು ಆಳದಲ್ಲಿ ಕೂತಿತ್ತು. ಬಲೆಯನ್ನೂ ಎಂಜಿನ್ನಿನ ಭಾಗಗಳನ್ನೂ ಬಿಚ್ಚಿ ತರಬೇಕೆಂದು ಬೋಟಿನ ಯಜಮಾನ ಇವನನ್ನು ಕರೆಸಿದ. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ಇನ್ನೊಂದು ಬೋಟಿನ ಮೇಲೆ ಏರಿಸಿ, ಉದ್ದ ಪ್ಲಾಸ್ಟಿಕ್ ಪೈಪು ಕಟ್ಟಿ, ತುದಿಯನ್ನು ಬಾಯಿಗೆ ಕೊಟ್ಟರು. ಉಸಿರು ಕಟ್ಟುವ ಗೊಡವೆಯೇ ಇಲ್ಲ, ಎಷ್ಟು ಹೊತ್ತಾದರೂ ಕೆಳಗಿರಬಹುದು.

ಮೊದಲ ದಿನ ಸಂಜೆ ಅವನ ಫೋನು ಬಂತು.

“ಭಾವ, ನಿಮ್ಮ ಪುಸ್ತಕದವನ ಹಂಗೇ ಆತು ನೋಡಿ. ಮುಕ್ಕಾಲು ತಾಸು ಕೆಳಗಿದ್ದೆ. ಊಟ ಆದ್ಮೇಲೆ ಮತ್ತೊಂದ್ಸಲ ಹೋಗಿ ಬಂದೆ.”

“ಶಾಭಾಷ್ ಮಾರಾಯ,” ಎಂದೆ.

ಆಗ ಆ ಅಧ್ಯಾಯ ನೆನಪಾಗಲಿಲ್ಲವೇ? ಆಗಲಿಲ್ಲ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡಿದ್ದೇನೆ. ಸುಳ್ಳು. ಒಂದು ಕ್ಷಣ ಮನಸ್ಸಿನಲ್ಲಿ ಹಾದುಹೋಯಿತು. ಆದರೆ ಅವನ ದನಿಯಲ್ಲಿ ಅಷ್ಟು ಖುಷಿಯಿತ್ತು, ನನಗೂ ಹೆಮ್ಮೆಯಾಗಿತ್ತು. ನಾನು ಹೇಳಿದ ಕಥೆಯೊಂದು ಒಬ್ಬನ ಕೈಕಾಲಿಗೆ ಬಂದಿತ್ತಲ್ಲ. ಅಪಶಕುನ ನುಡಿಯುವುದು ಯಾಕೆ, ಸಮುದ್ರದಲ್ಲೇ ಹುಟ್ಟಿ ಬೆಳೆದವನಿಗೆ ಮಾಸ್ತರ ಬುದ್ಧಿ ಹೇಳುವುದೇ ಎಂದು ಸುಮ್ಮನಾದೆ. ನಾಳೆ ಮಾತಾಡಿದರಾಯಿತು ಎಂದೂ ಅಂದುಕೊಂಡ ನೆನಪು. ಮರುದಿನ ಫೋನು ಮಾಡಲಿಲ್ಲ.

ಎರಡನೆಯ ದಿನ ಅವನಿಗೆ ಭುಜ, ಮೊಣಕೈ ಹಿಡಿದುಕೊಂಡವಂತೆ. ವಾಯು ಇರಬೇಕೆಂದು ರಾತ್ರಿ ಎಣ್ಣೆ ತಿಕ್ಕಿಸಿಕೊಂಡು ಮಲಗಿದ. ಮೂರನೆಯ ದಿನ ಎಂಜಿನ್ನಿನ ದೊಡ್ಡ ಭಾಗ ಮೇಲೆ ಬಂತು. ಅದರ ಹಿಂದೆಯೇ ಇವನೂ ಸೀದಾ ಬಂದ. ಬೋಟಿನವರು ಚಪ್ಪಾಳೆ ತಟ್ಟಿದರು. ಕೂತು ಬೀಡಿ ಹಚ್ಚಿದವನು ಏಳಲು ಹೋದಾಗ ಕಾಲು ಏಳಲಿಲ್ಲ.

ಭಟ್ಕಳದ ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಇರಬಹುದೆಂದರು, ಅಲ್ಲಿಂದ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾನೂ ಹೆಂಡತಿಯೂ ಅಲ್ಲಿಗೆ ಮುಟ್ಟುವಾಗ ಮರುದಿನ ಮಧ್ಯಾಹ್ನವಾಗಿತ್ತು. ಎಳೆಯ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದು, ಇವರು ಮೇಲೆ ಬರುವಾಗ ಎಲ್ಲಾದರೂ ನಿಂತಿದ್ದರೇ ಎಂದು ಕೇಳಿದರು. ಬೋಟಿನವರು ಮುಖ ಮುಖ ನೋಡಿಕೊಂಡರು. ಸಮುದ್ರದ ನಡುವೆ ನಿಲ್ಲುವುದು ಎಂದರೇನು ಎಂದು ಅವರಿಗೆ ತಿಳಿಯಲಿಲ್ಲ. ಅಲ್ಲಿದ್ದ ಅಷ್ಟು ಜನರಲ್ಲಿ ಆ ಪ್ರಶ್ನೆ ಅರ್ಥವಾದವನು ನಾನೊಬ್ಬನೇ. ನಾನು ಜನರ ಹಿಂದೆ ಸರಿದು ನಿಂತೆ. ಇಂಥವರನ್ನು ಗಾಳಿ ಒತ್ತಿ ತುಂಬುವ ಒತ್ತಡದ ಕೋಣೆಯಲ್ಲಿ ಕೂರಿಸಿ ಗುಳ್ಳೆ ಕರಗಿಸಬೇಕಿತ್ತು, ಅದೂ ಕೂಡಲೇ, ಈಗ ತಡವಾಗಿದೆ ಎಂದು ಹೇಳಿ ಅವರು ಒಳಗೆ ಹೋದರು.

ಒಂದು ವರ್ಷವಾಯಿತು. ಸೊಂಟದ ಕೆಳಗೆ ಅವನಿಗೆ ಏನೂ ಇಲ್ಲ. ಅದೇ ಜಗುಲಿಯಲ್ಲಿ ಮಂಚ ಹಾಕಿದ್ದಾರೆ. ಎದುರಿಗೆ ಮೀನು ಒಣಗಿಸುವ ಕಣ, ಆಚೆ ಬೋಟುಗಳು. ಮಲಗಿದಲ್ಲೇ ಬಲೆ ರಿಪೇರಿ ಮಾಡುತ್ತಾನೆ. ನಾನು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ, ಹವೆಯ ಬಗ್ಗೆ, ಮೀನಿನ ದರದ ಬಗ್ಗೆ ಹರಟಿ ಬರುತ್ತಿದ್ದೆ. ಹಾರಿಸಿದ ಅಧ್ಯಾಯದ ವಿಷಯ ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಆ ಮನೆಯ ಮೆಟ್ಟಿಲು ಹತ್ತುವ ಮುಖ ನನಗಿರುತ್ತದೆಯೇ ಎಂಬ ಹೆದರಿಕೆ. ತಾಳಮದ್ದಲೆಗೆ ಹೋಗುವುದನ್ನು ಬಿಟ್ಟೆ. ಗಂಟಲು ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ.

ಕಳೆದ ತಿಂಗಳು ಅವನೇ ಕೇಳಿದ.

“ಭಾವ, ಆ ಪುಸ್ತಕದಲ್ಲಿ ಹಿಂಗೆ ಕಾಲು ಹೋದವ್ರ ಸುದ್ದಿ ಎಂತಾದ್ರೂ ಇತ್ತಾ?”

“ನೋಡಿ ಹೇಳ್ತೆ,” ಎಂದು ಎದ್ದು ಬಂದೆ. ಮೂರು ದಿನ ಹೋಗಲಿಲ್ಲ. ನಾಲ್ಕನೆಯ ದಿನ ಪುಸ್ತಕ ಹಿಡಿದು ಹೋದೆ. ಅವನ ಮಂಚದ ಪಕ್ಕ ಸ್ಟೂಲು ಎಳೆದು ಕೂತು ಆ ಅಧ್ಯಾಯವನ್ನು ತೆಗೆದೆ. ಈ ಸಲ ಅರ್ಥ ಹೇಳಲಿಲ್ಲ. ಒಂದೊಂದೇ ವಾಕ್ಯ, ಇದ್ದದ್ದು ಇದ್ದ ಹಾಗೆ ಕನ್ನಡಕ್ಕೆ ತಂದೆ. ಗುಳ್ಳೆಗಳ ವಿಷಯ ಓದಿದೆ, ಆ ಗೆಳೆಯನ ವಿಷಯ ಓದಿದೆ. ಅವನು ಕೈಯ ಬಲೆ ಕೆಳಗಿಟ್ಟು ಕೇಳಿಸಿಕೊಂಡ.

“ಇದು ಆವಾಗ್ಲೇ ಇತ್ತಾ ಇದ್ರಲ್ಲಿ?”

“ಇತ್ತು. ನಾನೇ ಬಿಟ್ಟೆ. ಕಥೆ ಅಲ್ಲೇ ನಿಂತುಹೋಗ್ತದೆ ಅಂತ.”

ಅವನು ನನ್ನನ್ನು ನೋಡಲಿಲ್ಲ, ಎದುರಿನ ಬೋಟುಗಳನ್ನು ನೋಡುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಹದಿನೆಂಟು ಮಾರಿಗೆ ಎಷ್ಟು ಹೊತ್ತು ನಿಲ್ಲಬೇಕಿತ್ತು ನೋಡಿ ಎಂದ. ಮಾರನ್ನು ಅಡಿಗೆ ಇಳಿಸಿ, ಅವನು ಕೆಳಗಿದ್ದ ಹೊತ್ತನ್ನು ಹುಡುಕಿ, ಸಾಲಿನ ಮೇಲೆ ಬೆರಳಿಟ್ಟು ನೋಡಿದೆ. ಎರಡು ಸಲ ಸಾಲು ತಪ್ಪಿತು. ದಿನಕ್ಕೆ ಎರಡು ಸಲ ಇಳಿದದ್ದನ್ನೂ ಹಿಡಿದರೆ ಕೊನೆಯ ಸಲಕ್ಕೆ ಹೆಚ್ಚೆಂದರೆ ಒಂದು ತಾಸು.

“ಒಂದು ತಾಸಾ?” ಎಂದ. “ಅಷ್ಟೇಯಾ?”

ನಾನು ತಲೆಯಾಡಿಸಿದೆ.

“ಹೇಳಿದ್ರೆ ಕಾಯ್ತಿದ್ದೆ ಭಾವ.”